ಧಣಿ ಆಡದ ಮಾತು

ದೋಹಾಕ್ಕೆ ಬಂದ ಮೇಲೆ ನಾನು ಒಂದು ದಿನವೂ ಪಾಠ ಮಾಡಿದವನಲ್ಲ. ಆದರೂ ಇಲ್ಲಿ ಎಲ್ಲರೂ ನನ್ನನ್ನು ಮಾಷ್ಟ್ರು ಎಂದೇ ಕರೆಯುತ್ತಾರೆ. ಸಾಗಣೆ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಹಮದ್ ಬಂದರಿನಲ್ಲಿ ಇಳಿಯುವ ಕಂಟೇನರುಗಳ ಕಸ್ಟಮ್ಸ್ ಕಾಗದ ಸರಿಯಿದೆಯೇ, ಟ್ರೈಲರಿಗೆ ಗೇಟ್ ಪಾಸ್ ಬಂದಿದೆಯೇ ಎಂದು ನೋಡುವುದು, ಬಂದಿರದಿದ್ದರೆ ಎಲ್ಲ ಕಡೆಯಿಂದಲೂ ಬೈಸಿಕೊಳ್ಳುವುದು. ಅದಕ್ಕೂ ಮೊದಲು ಮೈಸೂರಿನಲ್ಲಿ ಅತಿಥಿ ಉಪನ್ಯಾಸಕನಾಗಿ ಪ್ರಾಚೀನ ಇತಿಹಾಸ ಹೇಳುತ್ತಿದ್ದೆ. ಅತಿಥಿ ಎಂಬ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ವರ್ಷಗಟ್ಟಲೆ ಹೊಸ್ತಿಲಲ್ಲೇ ನಿಂತಿದ್ದೆ, ಒಳಗೆ ಬಾ ಎಂದವರಿಲ್ಲ. ಕೊನೆಗೆ ಹೆಂಡತಿಯ ಸೋದರಮಾವ ಒಬ್ಬರು ಕೈಹಿಡಿದು ಇಲ್ಲಿಗೆ ಕರೆತಂದರು.

ಎರಡು ವರ್ಷ ಅಂದುಕೊಂಡು ಬಂದದ್ದು. ಇಲ್ಲಿಗೆ ಬಂದ ಎಲ್ಲರೂ ಅಂದುಕೊಳ್ಳುವುದು ಅದನ್ನೇ. ಮಗಳು ಇಲ್ಲೇ ಶಾಲೆ ಮುಗಿಸಿ ಮೈಸೂರಿಗೆ ಓದಲು ಹೋದಳು, ನಾವಿಬ್ಬರು ಅಲ್ ಮನ್ಸೂರಾದ ಎರಡು ಕೋಣೆಯ ಫ್ಲಾಟಿನಲ್ಲಿ ಉಳಿದೆವು. ಕೆಳಗೆ ಹೋಟೆಲು, ಅದರ ಪಕ್ಕ ದುಡ್ಡು ಕಳಿಸುವ ಅಂಗಡಿ, ನಾಲ್ಕು ಹೆಜ್ಜೆಗೆ ಮೆಟ್ರೋ. ಇಡ್ಲಿಗೂ ಕಷ್ಟವಿಲ್ಲ, ಕೊತ್ತಂಬರಿ ಸೊಪ್ಪಿಗೂ ಕಷ್ಟವಿಲ್ಲ. ಆದರೆ ಮಲಗುವ ಕೋಣೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿಗಳ ಬೆನ್ನು, ಅವು ಉಗುಳುವ ಬಿಸಿ ಗಾಳಿ. ಹಾಗಾಗಿ ಆ ಕಿಟಕಿಯನ್ನು ನಾವು ತೆರೆಯುವುದನ್ನೇ ಬಿಟ್ಟೆವು. ಬೇಸಿಗೆ ಬಂದರೆ ಮನೆ, ಕಾರು, ಆಫೀಸು, ಮಾಲು, ಮತ್ತೆ ಮನೆ. ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ದಾಟುವುದು. ನನಗಂತೂ ಉಸಿರುಗಟ್ಟುತ್ತಿತ್ತು, ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಏನು ಕಮ್ಮಿಯಾಗಿದೆ ನಿನಗೆ ಎಂದು ಅಣ್ಣ ಫೋನಿನಲ್ಲೇ ರೇಗುತ್ತಿದ್ದ.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಮೈಸೂರಿನ ಖಾಸಗಿ ಕಾಲೇಜೊಂದರ ಪ್ರಿನ್ಸಿಪಾಲರು ಫೋನ್ ಮಾಡಿದರು. ಪ್ರಾಚೀನ ಇತಿಹಾಸ ಹೇಳುತ್ತಿದ್ದವರು ನಿವೃತ್ತರಾಗುತ್ತಿದ್ದಾರೆ, ಮಳೆಗಾಲಕ್ಕೆ ಕಾಲೇಜು ಶುರುವಾಗುವ ಹೊತ್ತಿಗೆ ನೀವು ಬರುವುದಾದರೆ ಕೆಲಸ ನಿಮ್ಮದು ಎಂದರು. ಈ ಸಲ ಅತಿಥಿಯಲ್ಲ, ಕಾಯಂ. ನಾನು ಫೋನಿಟ್ಟು ಮನೆಯೊಳಗೆ ಸುಮ್ಮನೆ ಅತ್ತಿಂದಿತ್ತ ಓಡಾಡಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಯಾಕ್ರೀ, ಏನಾಯ್ತು? ಯಾರಾದ್ರೂ ಹೋದ್ರಾ?" ಎಂದಳು. "ಹೋಗೋದು ನಾವು ಕಣೇ, ಊರಿಗೆ!" ಎಂದೆ. ಅವಳು ಸೌಟು ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟಳು.

ಮಾರನೆಯ ದಿನವೇ ಧಣಿಯ ಎದುರು ನಿಂತೆ. ಕಂಪನಿಯ ಯಜಮಾನರನ್ನು ನಾವೆಲ್ಲ ಧಣಿ ಎನ್ನುತ್ತೇವೆ. ಉಡುಪಿ ಕಡೆಯವರು, ಎಪ್ಪತ್ತು ದಾಟಿದವರು. ಬಂದರಿನ ಗುಮಾಸ್ತನಾಗಿ ಬಂದು, ಇಲ್ಲಿನ ಅರಬ್ಬರೊಬ್ಬರ ಜೊತೆ ಸೇರಿ ಕಂಪನಿ ಕಟ್ಟಿದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗಿ ಮಾಷ್ಟ್ರೇ. ಹೋಗ್ಲಿಕ್ಕೆ ಯಾರು ಬೇಡ ಹೇಳುದು? ಆದರೆ ಒಂದು ಕೆಲಸ ಉಂಟು. ಕಂಪನಿಗೆ ಬೆಳ್ಳಿಹಬ್ಬ ಬಂತಲ್ಲ, ಒಂದು ಪುಸ್ತಕ ಆಗ್ಬೇಕು. ಕಂಪನಿಯ ಚರಿತ್ರೆ. ಇಂಗ್ಲಿಷಿದ್ದು ಮಗ ಯಾರಿಗೋ ಕೊಟ್ಟು ಮಾಡಿಸ್ತಾನೆ. ಕನ್ನಡದ್ದು ನೀವು ಬರ್ದು ಕೊಡಿ. ಊರಿನವರು ಓದ್ಬೇಕು. ಅದು ಮುಗ್ದ ಕೂಡ್ಲೆ ನೀವು ಫ್ರೀ."

ಅದೆಷ್ಟು ಹೊತ್ತಿನ ಕೆಲಸ ಎಂದುಕೊಂಡೆ. ಒಪ್ಪಿಕೊಂಡೆ.

ನನ್ನ ವಿಷಯ ರೋಮಿನವರು. ಅವರ ರಾಜರೂ ಯುದ್ಧಗಳೂ ಅಷ್ಟಾಗಿ ಅಲ್ಲ, ಅವರು ಇತಿಹಾಸ ಬರೆದ ಬಗೆ. ಮೊದಮೊದಲು ಅಲ್ಲಿ ಇತಿಹಾಸವೆಂದರೆ ಮುಖ್ಯ ಪುರೋಹಿತನ ಮನೆಯ ಮುಂದೆ ನಿಲ್ಲಿಸುತ್ತಿದ್ದ ಬಿಳಿ ಹಲಗೆ. ಈ ವರ್ಷ ಅಧಿಕಾರಕ್ಕೆ ಬಂದವರು ಇವರು, ಗ್ರಹಣ ಹಿಡಿದದ್ದು ಆವಾಗ, ಗೋಧಿಗೆ ಬೆಲೆ ಏರಿದ್ದು ಈವಾಗ, ಅಷ್ಟೇ. ಆಮೇಲೆ ಬಂದವರು ಆ ಒಣ ಹಲಗೆಗೆ ಮಾಂಸ ಮಜ್ಜೆ ತುಂಬಿದರು. ಹೆಚ್ಚಿನವರು ಸೈನ್ಯದಲ್ಲೋ ಸಭೆಯಲ್ಲೋ ಕೆಲಸ ಮಾಡಿ ಬೇಸತ್ತವರು. ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದು ಮೊದಲ ಪುಟದಲ್ಲಿ ಆಣೆ ಇಟ್ಟು, ಎರಡನೆಯ ಪುಟದಿಂದ ಪಕ್ಷ ವಹಿಸುವವರು. ಅವರಿಗೆ ಇತಿಹಾಸ ಎನ್ನುವುದು ನಡೆದದ್ದರ ಲೆಕ್ಕವಲ್ಲ. ಹೀಗೆ ಬದುಕು, ಹೀಗೆ ಬದುಕಬೇಡ ಎಂದು ಮೊಮ್ಮಕ್ಕಳಿಗೆ ತೋರಿಸುವ ಉದಾಹರಣೆಗಳ ಉಗ್ರಾಣ.

ಅವರ ಒಂದು ಪದ್ಧತಿ ನನಗೆ ಮೊದಲಿನಿಂದಲೂ ಬಲು ಇಷ್ಟ. ಸೇನಾಪತಿ ಯುದ್ಧದ ಬೆಳಿಗ್ಗೆ ಸೈನಿಕರಿಗೆ ಏನು ಹೇಳಿದ ಎಂದು ಯಾರಿಗೂ ಗೊತ್ತಿರದಿದ್ದರೆ, ಬರೆಯುವವನು ತಾನೇ ಒಂದು ಭಾಷಣ ಬರೆದು ಅವನ ಬಾಯಿಗೆ ಇಡುತ್ತಿದ್ದ. ಮೋಸವಲ್ಲ, ಅದು ಅವರ ಕಸುಬು. ಆ ಹೊತ್ತಿನಲ್ಲಿ ಅಂಥವನು ಏನು ಹೇಳಬೇಕಿತ್ತೋ ಅದನ್ನು ಬರೆಯುವುದು. ಓದುವವರಿಗೂ ಅದು ಗೊತ್ತಿತ್ತು. ಉತ್ತರದ ತುದಿಯ ಒಂದು ದ್ವೀಪದಲ್ಲಿ ರೋಮಿನ ಸೇನೆಗೆ ಎದುರು ನಿಂತ ಒಬ್ಬ ಗುಡ್ಡಗಾಡಿನ ಮುಖಂಡನಿಗೂ ಹೀಗೆ ಒಂದು ಭಾಷಣ ಸಿಕ್ಕಿದೆ. ಬರೆದವನು ರೋಮಿನವನೇ, ಅದೂ ಆ ಮುಖಂಡನನ್ನು ಸೋಲಿಸಿದ ಸೇನಾಪತಿಯ ಅಳಿಯ! ಆ ಮುಖಂಡ ಇದ್ದನೋ ಇಲ್ಲವೋ ದೇವರಿಗೇ ಗೊತ್ತು. ಆದರೆ ನೂರಾರು ವರ್ಷದ ಮೇಲೆ ಸಾಮ್ರಾಜ್ಯಗಳ ವಿರುದ್ಧ ಎದ್ದ ಜನ ಆ ಮಾತನ್ನು ಅವನೇ ಆಡಿದ್ದೆಂದು ನಂಬಿ ಎತ್ತಿ ಆಡಿದ್ದಾರೆ. ಅಮೆರಿಕದಲ್ಲಿ ಸಂವಿಧಾನ ಬರೆದವರು, ಫ್ರಾನ್ಸಿನಲ್ಲಿ ದೊರೆಯನ್ನು ಇಳಿಸಿದವರು, ಎಲ್ಲರೂ ರೋಮಿನ ಇತಿಹಾಸ ಓದಿಕೊಂಡೇ ಬೆಳೆದವರು. ಅವರು ಕಲಿತ ಎಷ್ಟೋ ಧೀರ ಮಾತುಗಳನ್ನು ಯಾವ ಧೀರನೂ ಆಡಿರಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಪುಸ್ತಕಕ್ಕಾಗಿ ಧಣಿಯನ್ನು ಮಾತಾಡಿಸುವುದೆಂದರೆ ಕಲ್ಲಿನಿಂದ ನೀರು ಹಿಂಡಿದ ಹಾಗೆ. "ಎಂತ ಬರೀಲಿಕ್ಕುಂಟು? ಬಂದೆ, ಕೆಲ್ಸ ಮಾಡಿದೆ, ಆಯ್ತಲ್ಲ" ಎನ್ನುವರು. ಕೊನೆಗೆ ಒಂದು ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹಮದ್ ಬಂದರಿಗೆ ಹೋಗುವಾಗ ಹಿಂದಿನ ಒಂದು ಕೆಟ್ಟ ವರ್ಷದ ಮಾತು ಬಂತು. ನಾನು ಈ ಕಂಪನಿಗೆ ಸೇರುವ ಮೊದಲಿನ ಕಥೆ ಅದು. ದೊಡ್ಡ ಗುತ್ತಿಗೆಯೊಂದು ರಾತ್ರಿ ಬೆಳಗಾಗುವುದರೊಳಗೆ ಕೈತಪ್ಪಿ, ಟ್ರೈಲರುಗಳೆಲ್ಲ ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದವಂತೆ. ಚಾಲಕರು, ಕ್ರೇನಿನವರು, ಸರಕು ಕಟ್ಟುವವರು ಬಿಚ್ಚುವವರು ಎಲ್ಲ ಕೆಲಸವಿಲ್ಲದೆ ಯಾರ್ಡಿನ ನೆರಳಿನಲ್ಲಿ ಕೂತು, ಇವತ್ತು ಕಳಿಸುತ್ತಾರೋ ನಾಳೆ ಕಳಿಸುತ್ತಾರೋ ಎಂದು ಕಾಯುತ್ತಿದ್ದರಂತೆ.

"ಆಗ ನೀವು ಅವರಿಗೆ ಏನು ಹೇಳಿದ್ರಿ ಸಾರ್?" ಎಂದೆ.

"ಎಂತ ಹೇಳುದು? ಹೊರಗೇ ಬರ್ಲಿಲ್ಲ. ಆಫೀಸಿನ ಬಾಗಿಲು ಹಾಕಿ ಒಳಗೆ ಕೂತಿದ್ದೆ. ಅವರ ಮುಖ ನೋಡ್ಲಿಕ್ಕೆ ಧೈರ್ಯ ಬೇಡ್ವಾ?" ಕಾರಿನ ಏಸಿ ತಗ್ಗಿಸಿದರು. "ಅರ್ಧ ಜನರನ್ನು ಕಳಿಸುದು ಅಂತ ತೀರ್ಮಾನ ಆಗಿತ್ತು ಮಾಷ್ಟ್ರೇ. ಹೇಳ್ಲಿಕ್ಕೆ ಎದ್ದು ಬಾಗಿಲ ಹತ್ರ ಬಂದಿದ್ದೆ, ಅಷ್ಟೊತ್ತಿಗೆ ಹೊಸ ಗುತ್ತಿಗೆದು ಫೋನ್ ಬಂತು. ಬಚಾವಾದೆವು. ಇದನ್ನೆಲ್ಲ ಬರೀಬೇಡಿ ಮತ್ತೆ."

ಬರೆಯಬೇಡಿ ಎಂದರೆ ಸರಿ, ಆದರೆ ಆ ಅಧ್ಯಾಯದ ನಟ್ಟನಡುವೆ ಒಂದು ದೊಡ್ಡ ತೂತು ಉಳಿಯಿತು. ಎಲ್ಲ ನಿಂತುಹೋಯಿತು, ಆಮೇಲೆ ಎಲ್ಲ ಸರಿಹೋಯಿತು. ಇದು ಇತಿಹಾಸವೇ? ನನಗೋ ಬೇಗ ಮುಗಿಸಿ ಓಡುವ ಆತುರ. ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿದು ಕೂತವನು ಆ ತೂತನ್ನು ರೋಮಿನವರು ಮುಚ್ಚುವ ಹಾಗೆಯೇ ಮುಚ್ಚಿದೆ. ಧಣಿಯನ್ನು ಯಾರ್ಡಿಗೆ ಕರೆತಂದು ಒಂದು ಟ್ರೈಲರಿನ ಮೇಲೆ ಹತ್ತಿಸಿದೆ. "ಟ್ರೈಲರುಗಳು ನಿಂತಿವೆ, ಆದರೆ ಒಲೆ ನಿಂತಿಲ್ಲ. ನಿಮ್ಮನ್ನು ಹೊರಗೆ ಹಾಕಲು ಈ ಗೇಟು ತೆರೆಯುವುದಿಲ್ಲ. ಹೋಗುವುದಾದರೆ ಎಲ್ಲರೂ ಒಟ್ಟಿಗೆ ಹೋಗೋಣ, ಒಬ್ಬೊಬ್ಬರಾಗಿ ಯಾರೂ ಹೋಗುವುದು ಬೇಡ. ಕೊನೆಗೆ ಬೀಗ ಹಾಕುವವನು ನಾನು" ಎಂದು ಅವರಿಂದ ಹೇಳಿಸಿದೆ. ಬರೆದು ಮುಗಿಸಿ ನಾನೇ ಓದಿಕೊಂಡಾಗ ಕಣ್ಣಲ್ಲಿ ನೀರು ಬಂತು. ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಧಣಿ ಅದನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು.

"ಇದು ನಾನು ಹೇಳಿದ್ದಾ?"

"ಹೇಳಬಹುದಿತ್ತಲ್ಲ ಸಾರ್. ರೋಮಿನವರು ಹೀಗೇ ಬರೀತಿದ್ರು, ಅದು ಪದ್ಧತಿ" ಎಂದು ಎಲ್ಲ ವಿವರಿಸಿದೆ.

"ಅಷ್ಟು ದೊಡ್ಡವರು ಮಾಡ್ತಿದ್ರಾ? ಹಾಗಾದ್ರೆ ಇರ್ಲಿ ಮಾರಾಯ್ರೆ" ಎಂದರು.

ರೋಮಿನ ಓದುಗರಿಗೆ ಗೊತ್ತಿದ್ದ ಪದ್ಧತಿ ಯಾರ್ಡಿನವರಿಗೆ ಗೊತ್ತಿಲ್ಲವಲ್ಲ ಎಂಬುದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದುದು ನನಗೆ, ನಾನಲ್ಲವೇ ಓದಿದವನು.

ಸಮಾರಂಭ ಫೆಬ್ರವರಿಯಲ್ಲಿ ಆಯಿತು. ಪುಸ್ತಕ ಬಿಡುಗಡೆಯಾದ ಮೇಲೆ ಧಣಿಯ ಮಗ ಆ ಭಾಷಣವನ್ನೇ ಇಂಗ್ಲಿಷಿಗೂ ಅರಬ್ಬಿಗೂ ಮಾಡಿಸಿ, ಚೌಕಟ್ಟು ಹಾಕಿಸಿ ಸ್ವಾಗತದ ಕೋಣೆಯಲ್ಲಿ ತೂಗುಹಾಕಿದ. ಇಲ್ಲೇ ಹುಟ್ಟಿ ಬೆಳೆದು ಲಂಡನ್ನಿನಲ್ಲಿ ಓದಿ ಬಂದವನು, ವ್ಯವಹಾರವೆಲ್ಲ ಈಗ ಅವನದೇ. ಕನ್ನಡದ ಪುಸ್ತಕವನ್ನು ಯಾರ್ಡಿನ ಫೋರ್ಮನ್ ಕೊಂಡೊಯ್ದ. ಬಾಗಲಕೋಟೆ ಕಡೆಯ ಗಟ್ಟಿ ಆಳು ಆತ, ಧಣಿಯ ಜೊತೆ ಮೊದಲಿನಿಂದಲೂ ಇರುವವನು. ಊಟದ ಹೊತ್ತಿಗೆ ಕೆಲಸಗಾರರು ಉಳಿಯುವ ಕ್ಯಾಂಪಿನಲ್ಲಿ ಕನ್ನಡದವರಿಗೆ ಜೋರಾಗಿ ಓದಿ ಹೇಳಿದನಂತೆ, ಉಳಿದವರಿಗೆ ಹಿಂದಿಯಲ್ಲಿ ಹೇಳಿದನಂತೆ. ಮರುವಾರ ನಾನು ಯಾರ್ಡಿಗೆ ಹೋದಾಗ ಓಡಿ ಬಂದು ಕೈಹಿಡಿದುಕೊಂಡ.

"ಸರ, ಭಾಳ ಚಲೋ ಬರದೀರಿ. ಅವತ್ತ ಧಣ್ಯಾರು ಹೇಳಿದ್ದು ಹಂಗs ಬಂದೈತಿ ನೋಡ್ರಿ, ಒಂದs ಒಂದ ಅಕ್ಷರ ತಪ್ಪಿಲ್ಲ."

ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿಲ್ಲ.

"ನೀವು ಅವತ್ತು ಇದ್ರಾ?"

"ಇದ್ನೇನ್ರಿ ಅಂತೀರಲ್ಲ! ಆ ಟ್ರೈಲರ್ ಬಾಜೂಕ ನಾನs ನಿಂತಿದ್ನಿರಿ."

ಯಾವ ಟ್ರೈಲರ್ ಎಂದು ಕೇಳಬಾರದಿತ್ತು, ಕೇಳಿದೆ. ಒಂದು ಹಳೆಯ ಬಿಳಿ ಟ್ರೈಲರನ್ನು ತೋರಿಸಿದ. ಅಲ್ಲಿದ್ದ ನಾಲ್ಕಾರು ಜನರೂ ಹೌದು ಹೌದು ಎಂದರು. ನನಗೆ ಮೈಯೆಲ್ಲ ಒಂಥರಾ ಆಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು.

ಬೇಸಿಗೆಗೆ ಸ್ವಲ್ಪ ಮೊದಲು ಸರಕು ಕಡಿಮೆಯಾಯಿತು. ಯಾರ್ಡಿನಲ್ಲಿ ಟ್ರೈಲರುಗಳು ಮತ್ತೆ ಸಾಲಾಗಿ ನಿಲ್ಲತೊಡಗಿದವು. ನಾನು ರಾಜೀನಾಮೆ ಕೊಟ್ಟಾಗಿತ್ತು, ಹೆಂಡತಿ ಅಡುಗೆಮನೆಯ ಪಾತ್ರೆಗಳನ್ನು ಪಕ್ಕದ ಮನೆಯವರಿಗೆ ಕೊಡಲು ಶುರುಮಾಡಿದ್ದಳು. ಅಷ್ಟರಲ್ಲಿ ಯಾರ್ಡಿನ ಹಳಬರನ್ನು ಊರಿಗೆ ಕಳಿಸಲು ಮಗ ಯೋಚಿಸುತ್ತಿದ್ದಾನೆ ಎಂಬ ಸುದ್ದಿ ಹಬ್ಬಿತು. ಫೋರ್ಮನ್ ನೇರವಾಗಿ ಆಫೀಸಿಗೆ ಬಂದವನು ಸ್ವಾಗತದ ಕೋಣೆಯ ಗೋಡೆಗೆ ಕೈ ತೋರಿಸಿ, ನಿಮ್ಮ ಅಪ್ಪಾರು ಕೊಟ್ಟ ಮಾತು ಅಲ್ಲೇ ತೂಗಾಕೀರಲ್ರಿ, ಓದ್ರಿ ಎಂದನಂತೆ. ತೂಗುಹಾಕಿದವನು ಮಗನೇ ತಾನೆ?

ಮಗ ದಡ್ಡನಲ್ಲ. ಕೆಟ್ಟವನೂ ಅಲ್ಲ, ಅದನ್ನೂ ಹೇಳಬೇಕು. ಎಲ್ಲರನ್ನೂ ಇಟ್ಟುಕೊಂಡರೆ ಕಂಪನಿಯೇ ಮುಳುಗುತ್ತದೆ ಎಂಬುದು ಅವನ ಭಯ. ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದ.

"ಅಂಕಲ್, ನೀವು ಆ ಟೈಮಲ್ಲಿ ಇಲ್ಲಿ ಇರ್ಲೇ ಇಲ್ಲ ಅಲ್ವಾ? ನೀವು ಜಾಯಿನ್ ಆಗಿದ್ದು ಆಮೇಲೆ. ಸೋ, ಈ ಸ್ಪೀಚ್ ನಿಮಗೆ ಹೇಳಿದ್ದು ಯಾರು?"

"ನಿಮ್ಮ ತಂದೆಯವರ ಜೊತೆ ಮಾತಾಡಿ ಬರೆದೆ" ಎಂದೆ. ಸುಳ್ಳಲ್ಲ.

"ಅಪ್ಪನ್ನ ಕೇಳಿದ್ರೆ ಸುಮ್ಮನೆ ಕೂತ್ಕೋತಾರೆ. ಮೀಟಿಂಗ್ ಇಡ್ತೀನಿ. ಎಲ್ಲರ ಮುಂದೆ ನೀವು ಹೇಳಿ, ಟ್ರೂ ಆರ್ ನಾಟ್. ಅದು ಕಥೆ ಅಂದ್ರೆ ಖಲಾಸ್, ನಾನು ಬೋರ್ಡ್ ತೆಗೆಸ್ತೀನಿ, ನೀವು ಊರಿಗೆ ಹೋಗಿ. ನೋ ಪ್ರಾಬ್ಲಮ್."

ಅಂದರೆ ನಾನು ಬಾಯಿಬಿಟ್ಟು ಇದು ನನ್ನ ಕಲ್ಪನೆ ಎಂದರೆ ನನ್ನ ದಾರಿ ಸಲೀಸು, ಅಷ್ಟೂ ಜನ ಮನೆಗೆ. ಇದು ನಿಜ ಎಂದರೆ ಅವರು ಉಳಿಯುತ್ತಾರೆ, ಆದರೆ ಆಮೇಲೆ ಕೇಳುವ ಪ್ರತಿ ಪ್ರಶ್ನೆಗೂ ಉತ್ತರ ಕೊಡಲು ನಾನು ಇಲ್ಲಿರಬೇಕು. ಬರೆದವನೇ ಓಡಿಹೋದ, ಹಾಗಾದರೆ ಸುಳ್ಳೇ ಇರಬೇಕು ಎಂದರೆ ಮುಗಿಯಿತಲ್ಲ. ಹತ್ತು ಸಲ ಹೊರಳಿಸಿ ನೋಡಿದೆ, ಮೂರನೆಯ ದಾರಿ ಕಾಣಲಿಲ್ಲ. ನನಗೆ ರೋಮಿನವರ ಮೇಲೆಯೇ ಸಿಟ್ಟು ಬಂತು. ಅವರಿಗೇನು, ಅವರ ಸೇನಾಪತಿಗಳೂ ಸೈನಿಕರೂ ಸತ್ತು ಮಣ್ಣಾದ ಮೇಲೆ ಬರೆದವರು. ಯಾವ ಸೈನಿಕನೂ ಎದ್ದು ಬಂದು, ಸ್ವಾಮಿ, ಆ ಮಾತು ಉಳಿಸಿಕೊಡಿ ಎಂದು ಬಾಗಿಲು ತಟ್ಟಲಿಲ್ಲ.

ನನ್ನ ಬಾಗಿಲು ತಟ್ಟಿದರು. ಶುಕ್ರವಾರ ಬೆಳಿಗ್ಗೆ ಫೋರ್ಮನ್ ಯಾರ್ಡಿನ ಏಳೆಂಟು ಜನರನ್ನು ಕಟ್ಟಿಕೊಂಡು ಅಲ್ ಮನ್ಸೂರಾದ ನಮ್ಮ ಫ್ಲಾಟಿಗೆ ಬಂದ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೊಟ್ಟಣ, ಹಳೆಯ ಪೇಟೆಯಾದ ಸೂಕ್ ವಾಕಿಫ್‌ಗೆ ಹೋಗಿ ಖರ್ಜೂರ, ಹಲ್ವ ತಂದಿದ್ದರು. ಕೂರಲು ಕುರ್ಚಿ ಸಾಲದೆ ನೆಲದ ಮೇಲೆ ಗೋಡೆಗೆ ಒರಗಿ ಕೂತರು. ಹೆಂಡತಿ ಟೀ ಮಾಡಲು ಪಾತ್ರೆ ಹುಡುಕಿ, ಕೊಟ್ಟುಬಿಟ್ಟದ್ದು ನೆನಪಾಗಿ, ಪಕ್ಕದ ಮನೆಯಿಂದಲೇ ತಿರುಗಿ ತಂದಳು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ.

"ನೀವು ಊರಿಗಿ ಹೊಂಟೀರಂತ, ಖರೇ ಏನ್ರಿ?" ಎಂದು ಫೋರ್ಮನ್ ಶುರುಮಾಡಿದ.

"ಹೌದಪ್ಪ. ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ."

"ಚಲೋ ಆತ್ರಿ ಸರ, ನಮಗ ಖುಷೀನs ಆತು. ಆದ್ರ ನೀವ್ ಹೋದ್ರ ನಮ್ಮ ಕಡೆ ಮಾತಾಡಾವ್ರು ಯಾರ್ರೀ? ನಾವ್ ಹೇಳಿದ್ರ ಸಾಲಿ ಕಲೀಲಾರದ ಮಂದಿ, ಸುಳ್ಳ ಹೇಳ್ತಾವ ಅಂತಾರ. ನೀವು ಬರದಾವ್ರು. ಬರದಾವ್ರು ಹೇಳಿದ್ರ ಕೇಳ್ತಾರ್ರಿ."

"ನಾನು ಅವತ್ತು ಅಲ್ಲಿರಲಿಲ್ಲ ಅಂತ ನಿಮಗೆ ಗೊತ್ತಲ್ಲ?"

"ಅದಕ್ಕೇನ್ರಿ? ನಾವ್ ಇದ್ದೀವಲ್ಲ!" ಎಂದ. ಎಲ್ಲರೂ ತಲೆಯಾಡಿಸಿದರು.

ಅವರಲ್ಲಿ ಒಬ್ಬ, ಕ್ರೇನು ನಡೆಸುವವನು, ಧಣಿ ಆ ಮಾತು ಹೇಳಿದ ಮೇಲೆ ತಾನು ಹೆಂಡತಿಗೆ ಫೋನ್ ಮಾಡಿ ಹೆದರಬೇಡ ಎಂದಿದ್ದನ್ನು ಹೇಳುತ್ತ ಅತ್ತುಬಿಟ್ಟ. ನಾನು ಏನು ಹೇಳಲಿ? ಇಲ್ಲಪ್ಪ, ಅವರು ಬಾಗಿಲು ಹಾಕಿ ಕೂತಿದ್ದರು, ಕಳಿಸಬೇಕೆಂದಿದ್ದ ಅರ್ಧ ಜನರ ಪೈಕಿ ನೀನೂ ಇದ್ದೆಯೋ ಏನೋ ಎನ್ನಲೇ? ಅವರು ಹೋದ ಮೇಲೆ ಮನೆಯೊಳಗೆ ಖರ್ಜೂರದ ವಾಸನೆ ತುಂಬಿ, ನನಗೆ ಅಲ್ಲಿ ನಿಲ್ಲಲಾಗದೆ ಮೆಟ್ರೋ ಹತ್ತಿ ಕೊನೆಯ ನಿಲ್ದಾಣದ ತನಕ ಹೋಗಿ ಇಳಿಯದೆಯೇ ವಾಪಸು ಬಂದೆ.

ಆ ವಾರವೆಲ್ಲ ಪ್ರಿನ್ಸಿಪಾಲರ ಫೋನು. ಟಿಕೆಟ್ ಮಾಡಿದಿರಾ, ವೇಳಾಪಟ್ಟಿಗೆ ನಿಮ್ಮ ಹೆಸರು ಹಾಕಲೇ? ಹಾಕಿ ಸಾರ್, ಇನ್ನೇನು ಬಂದೆ ಎಂದೆ. ನಿಜ ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ತೀರ್ಮಾನಿಸುವುದು, ಸಂಜೆಗೆ ಆ ಕ್ರೇನಿನವನ ಮುಖ ಕಣ್ಣ ಮುಂದೆ ಬರುವುದು. ಹೆಂಡತಿ ಕೇಳಿದರೆ ಸಿಡುಕುತ್ತಿದ್ದೆ. ಅವಳು ಪಾಪ, ಇನ್ನೂ ಸೂಟ್‌ಕೇಸು ತುಂಬುತ್ತಲೇ ಇದ್ದಳು.

ಮೀಟಿಂಗಿನ ದಿನ ದೊಡ್ಡ ಮೇಜಿನ ತುದಿಯಲ್ಲಿ ಧಣಿ, ಬಲಕ್ಕೆ ಮಗ, ಎಡಕ್ಕೆ ನಾನು, ಎದುರಿಗೆ ಫೋರ್ಮನ್ ಮತ್ತು ಯಾರ್ಡಿನ ಮೂವರು. ಏಸಿ ಅಷ್ಟು ಜೋರಾಗಿದ್ದರೂ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಅಂಕಲ್," ಎಂದ ಮಗ, "ಜಸ್ಟ್ ಒನ್ ಕ್ವೆಶ್ಚನ್. ಅಪ್ಪ ಇದನ್ನ ಹೇಳಿದ್ರಾ, ಇಲ್ವಾ?"

ಧಣಿ ತಲೆ ತಗ್ಗಿಸಿ ಮೇಜು ನೋಡುತ್ತಿದ್ದರು. ಆ ಕೋಣೆಯಲ್ಲಿದ್ದವರಲ್ಲಿ ಅವತ್ತು ನಿಜಕ್ಕೂ ನಡೆದದ್ದು ಗೊತ್ತಿದ್ದವರು ನಾವಿಬ್ಬರೇ. ನನಗೆ ಒಂದು ಕ್ಷಣ ಆಸೆ ಹುಟ್ಟಿತು: ಅವರೇ ಹೇಳಿಬಿಡಲಿ, ಇಲ್ಲ ಎನ್ನಲಿ, ನಾನು ಬಚಾವ್. ಅಷ್ಟು ಕೆಳಗಿಳಿದಿದ್ದೆ. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಇವತ್ತಿಗೂ ನನಗೆ ಗೊತ್ತಿಲ್ಲ, ದೇವರಾಣೆ.

"ಅವರನ್ನು ಎಂತಕ್ಕೆ ಕೇಳ್ತಿ?" ಎಂದರು ಧಣಿ. "ಹೇಳಿದ್ದು ನಾನು."

ಎದ್ದು ನಿಂತರು. ಮೇಜಿನ ಅಂಚು ಹಿಡಿದುಕೊಂಡು, ನಾನು ಬರೆದ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ತಮ್ಮ ಉಡುಪಿ ಕನ್ನಡದಲ್ಲಿ ಹೇಳಿದರು. ನಡುವೆ ನಾನು ಬರೆಯದ ಒಂದು ಮಾತೂ ಬಂತು. "ನಂಗೆ ಹೆದರಿಕೆ ಆಗಿತ್ತು ಮಾರಾಯ್ರೆ, ನಿಮ್ಮನ್ನೆಲ್ಲ ನೋಡ್ಲಿಕ್ಕೇ ಹೆದರಿಕೆ" ಎಂದು ಯಾರ್ಡಿನವರಿಗೆ ಹೇಳಿದರು. ಫೋರ್ಮನ್ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಮಗ ಲ್ಯಾಪ್‌ಟಾಪ್ ಮುಚ್ಚಿ, ಆಯ್ತು, ಯಾರೂ ಹೋಗೋದು ಬೇಡ, ಇನ್ನೊಂದು ವರ್ಷ ನೋಡೋಣ ಎಂದ. ನನಗೆ ಸಂತೋಷವೋ ಸಂತೋಷ. ಮುಗಿಯಿತು, ಇನ್ನು ಹೊರಡಬಹುದು ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಧಣಿ ನನ್ನನ್ನು ಕೂರಲು ಹೇಳಿದರು.

"ಮಾಷ್ಟ್ರೇ, ಒಂದು ಕೇಳ್ತೇನೆ. ಬೇಜಾರು ಮಾಡ್ಬೇಡಿ. ನಾನು ಅವತ್ತು ಒಳಗೆ ಕೂತಿದ್ದೆ ಅಂತ ನಿಮಗೆ ಹೇಳಿದ್ದು ಹೌದಾ?"

"ಹೌದು ಸಾರ್. ಕಾರಿನಲ್ಲಿ."

"ಹೌದಲ್ವಾ?" ಎಂದು ಉಸಿರು ಬಿಟ್ಟರು. "ಈಗ ಸಮ ನೆನಪಾಗುದಿಲ್ಲ. ಒಳಗೆ ಕೂತದ್ದು ಹೌದಾ, ಹೊರಗೆ ನಿಂತು ಹೇಳಿದ್ದು ಹೌದಾ, ಎರಡೂ ಕಣ್ಣಿಗೆ ಕಾಣ್ತದೆ. ಡಾಕ್ಟ್ರು ಬೇರೆ ಏನೇನೋ ಹೇಳ್ತಾರೆ, ನೆನಪಿನ ಶಕ್ತಿ ಹೋಗ್ತಾ ಉಂಟಂತೆ. ಮಗನಿಗೆ ಗೊತ್ತಿಲ್ಲ. ಇವತ್ತು ಹೇಳಿದೆ. ಮುಂದಿನ ವರ್ಷ ಅವನು ಪುನಃ ಕೇಳ್ತಾನೆ. ಅವತ್ತು ನಾನು ಬಾಗಿಲು ಹಾಕಿ ಕೂತಿದ್ದೆ ಅಂದುಬಿಟ್ರೆ?"

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ನೀವು ಹತ್ರ ಇದ್ರೆ ನೆನಪು ಮಾಡಿ ಕೊಡ್ತೀರಿ. ಯಾವುದನ್ನು ನೆನಪು ಮಾಡ್ಬೇಕು ಅಂತ ನಿಮಗೆ ಗೊತ್ತುಂಟು. ಬೇರೆ ಯಾರತ್ರ ಹೇಳ್ಲಿ ನಾನು ಇದನ್ನು?"

ಒತ್ತಾಯ ಮಾಡಲಿಲ್ಲ. ಹೆದರಿಸಲಿಲ್ಲ. ಆ ಮನುಷ್ಯ ಬೈದಿದ್ದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟು ಎದ್ದು ಬರುತ್ತಿದ್ದೆ. ರಾಜೀನಾಮೆ ನನ್ನದೇ, ಹೋಗುವುದೂ ನನ್ನ ಇಷ್ಟ, ತಡೆಯುವ ಕಾನೂನಿಲ್ಲ. ಎಲ್ಲ ಬಾಗಿಲೂ ತೆರೆದೇ ಇತ್ತು. ನನ್ನ ಕಾಲು ಮಾತ್ರ ಏಳಲಿಲ್ಲ. ನೋಡೋಣ ಸಾರ್ ಎಂದೆ. ನೋಡೋಣ ಎಂದರೆ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಊಟದ ಮೇಜಿನ ಹತ್ತಿರ ನಿಂತು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಹೆಂಡತಿ ಎದುರಿಗೆ ಕೂತು ಬೀನ್ಸ್ ಸೋಸುತ್ತಿದ್ದಳು. ಅವಳಿಗೆ ಹಿಂದಿನ ಸಂಜೆಯೇ ಎಲ್ಲ ಹೇಳಿದ್ದೆ, ರಾತ್ರಿಯೇ ಅವಳು ತುಂಬಿದ್ದ ಬಟ್ಟೆಗಳನ್ನೆಲ್ಲ ತೆಗೆದು ಬೀರುವಿನಲ್ಲಿ ತಿರುಗಿ ಇಟ್ಟಿದ್ದಳು.

"ಬರೋಕಾಗ್ತಿಲ್ಲ ಸಾರ್, ಕ್ಷಮಿಸಿ" ಎಂದೆ.

"ಅಯ್ಯೋ, ಯಾಕ್ರೀ? ವೇಳಾಪಟ್ಟಿಯೆಲ್ಲ ಆಗಿತ್ತಲ್ಲ!"

"ಇಲ್ಲಿ ಜನಕ್ಕೆ ಒಂದು ಮಾತು ಕೊಟ್ಟುಬಿಟ್ಟಾಗಿದೆ ಸಾರ್. ಬಿಟ್ಟು ಬರೋ ಹಾಗಿಲ್ಲ."

"ಕೊಟ್ಟ ಮಾತು ಅಂದ ಮೇಲೆ ನಾನೇನು ಹೇಳಲಿ? ಈಗಿನ ಕಾಲದಲ್ಲಿ ನಿಮ್ಮಂಥವರು ಎಲ್ಲಿದ್ದಾರೆ, ದೊಡ್ಡವರು ನೀವು" ಎಂದು ಹೊಗಳಿ ಫೋನಿಟ್ಟರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಹೆಂಡತಿ ಬೀನ್ಸಿನ ನಾರು ಎಳೆಯುತ್ತಲೇ, ತಲೆ ಎತ್ತದೆ ಕೇಳಿದಳು.

"ರೀ, ಅಷ್ಟುದ್ದ ಭಾಷಣ ಬರೆದ್ರಲ್ಲ ನೀವು, ಅವರ ಬಾಯಲ್ಲಿ ಇನ್ನೊಂದೇ ಒಂದು ಸಾಲು ಹೇಳಿಸೋಕೆ ನಿಮಗೆ ಹೊಳೀಲಿಲ್ವಾ? ನಮ್ಮ ಮಾಷ್ಟ್ರು ಮಾತ್ರ ಯಾವಾಗ ಬೇಕಾದ್ರೂ ಊರಿಗೆ ಹೋಗಬಹುದು ಅಂತ? ಹಾಗೆ ಬರೆದಿದ್ರೆ ಆ ಫೋರ್ಮನ್ನು ಅದನ್ನೂ ಕಿವಿಯಾರೆ ಕೇಳಿದ್ದೀನಿ ಅಂತಿದ್ದ."

ಅವಳು ನಗುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದೆ. ನಗುತ್ತಿರಲಿಲ್ಲ.